ಎಡ ಅಂಚಿನ ಎರಡಡಿ ದಾರಿ

ಬೆಂಗಳೂರಿನ ಯಾವ ಡಾಂಬರು ರಸ್ತೆಯನ್ನಾದರೂ ನೋಡಿ, ನಡುವೆ ತುಸು ಉಬ್ಬಿ ಎರಡೂ ಅಂಚಿಗೆ ಇಳಿದಿರುತ್ತದೆ. ಮಳೆನೀರು ನಿಲ್ಲದೆ ಚರಂಡಿಗೆ ಹರಿದುಹೋಗಲಿ ಎಂದು ಬೇಕೆಂದೇ ಹಾಗೆ ಕಟ್ಟುತ್ತಾರೆ. ನೀರು ಹೋದ ದಾರಿಯಲ್ಲೇ ಉಳಿದದ್ದೂ ಹೋಗುತ್ತದೆ. ಲಾರಿಯಿಂದ ಉದುರಿದ ಎಂ ಸ್ಯಾಂಡು, ರಾತ್ರಿ ಯಾರೋ ಒಡೆದ ಬಾಟಲಿಯ ಗಾಜು, ಕೊಳೆತ ಎಲೆ, ಕಿತ್ತುಬಂದ ಜಲ್ಲಿ ಎಲ್ಲ ಅಂಚಿಗೇ ಬಂದು ಸೇರುತ್ತವೆ. ಕೇಬಲ್ಲಿನವರು ಅಗೆದು ಅರ್ಧ ಮುಚ್ಚಿ ಹೋದ ಗುಂಡಿ ಇರುವುದು ಅಲ್ಲೇ. ಚರಂಡಿಯ ಕಬ್ಬಿಣದ ಜಾಲರಿ ಅಲ್ಲೇ. ತಳ್ಳುಗಾಡಿ, ನಿಲ್ಲಿಸಿದ ಕಾರು, ಬಸ್‌ಸ್ಟಾಪು ಎಲ್ಲವೂ ಅಲ್ಲೇ. ಊರಿಗೆ ಬೇಡವಾದದ್ದೆಲ್ಲ ಬಂದು ಬೀಳುವ ಈ ಎರಡಡಿ ಜಾಗವನ್ನು ನಾವು ಸೈಕಲ್ಲಿನವನಿಗೆ ಬಿಟ್ಟುಕೊಟ್ಟಿದ್ದೇವೆ. ಹಿಂದಿನಿಂದ ಹಾರ್ನ್ ಹೊಡೆದು 'ಪಕ್ಕಕ್ಕೆ ಹೋಗಯ್ಯಾ' ಎನ್ನುವವರು ತೋರಿಸುವ ಪಕ್ಕ ಇದೇ.

ರಾಜಾಜಿನಗರದಿಂದ ಪೀಣ್ಯ ಎರಡನೇ ಹಂತಕ್ಕೆ ನನ್ನ ದಿನದ ಪ್ರಯಾಣ ಈ ಎರಡಡಿಯಲ್ಲೇ ನಡೆಯುತ್ತದೆ. ಅಲ್ಲಿ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಮೆಟ್ರೊ ಇದೆಯಲ್ಲ ಎಂದು ಕೇಳುವವರಿದ್ದಾರೆ. 2014ರ ಮಾರ್ಚಿನಿಂದ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಮೆಟ್ರೊ ಓಡುತ್ತಿರುವುದು ನಿಜ. ಆದರೆ ಮನೆಯಿಂದ ಸ್ಟೇಷನ್ನಿಗೆ, ಆ ಕಡೆ ಸ್ಟೇಷನ್ನಿನಿಂದ ಕಾರ್ಖಾನೆಗೆ ಹೋಗುವ ತಾಪತ್ರಯ ಇದ್ದೇ ಇದೆ. ಆಟೋದವನ ಜೊತೆ ಚೌಕಾಸಿ ಮಾಡುವ ಹೊತ್ತಿಗೆ ಸೈಕಲ್ಲು ಗೊರಗುಂಟೆಪಾಳ್ಯ ದಾಟಿರುತ್ತದೆ. ವ್ಯಾಯಾಮಕ್ಕೆ, ಪರಿಸರಕ್ಕೆ ಎಂದೆಲ್ಲ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ನಾನು ಸೈಕಲ್ಲು ಹತ್ತಿದ್ದು ಮಾತ್ರ ಹೊತ್ತಿಗೆ ಸರಿಯಾಗಿ ತಲುಪುತ್ತೇನೆ ಎಂಬ ಒಂದೇ ಕಾರಣಕ್ಕೆ.

ಒಳದಾರಿಯೊಂದು ಇದೆ, ನಂದಿನಿ ಲೇಔಟ್, ಲಗ್ಗೆರೆ ಮೇಲೆ. ಲಾರಿ ಕಡಿಮೆ, ಏರು ಜಾಸ್ತಿ, ನಾಯಿ ಇನ್ನೂ ಜಾಸ್ತಿ. ಬೀದಿನಾಯಿಗೆ ಸೈಕಲ್ಲಿನ ಮೇಲೆ ಏನು ಹಗೆಯೋ ತಿಳಿಯದು. ನಡೆದುಹೋಗುವವನನ್ನು ಸುಮ್ಮನೆ ಬಿಡುವ ನಾಯಿ, ಅದೇ ಮನುಷ್ಯ ಪೆಡಲ್ ತುಳಿಯತೊಡಗಿದರೆ ಮೀನಖಂಡಕ್ಕೇ ಗುರಿಯಿಡುತ್ತದೆ. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಿದರೆ ಅದರ ಉತ್ಸಾಹವೂ ಹೆಚ್ಚುತ್ತದೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು, ನಾಲ್ಕು ಹೆಜ್ಜೆ ತಳ್ಳಿಕೊಂಡು ನಡೆದರೆ ಬಹುಪಾಲು ನಾಯಿಗಳು ಅಲ್ಲಿಗೇ ಬೇಸತ್ತು ಹಿಂದಿರುಗುತ್ತವೆ. ದಿನಾ ಬೆಳಿಗ್ಗೆ ಅಷ್ಟು ಸಂಧಾನ ಯಾರಿಂದಾಗುತ್ತದೆ? ಹೀಗಾಗಿ ತುಮಕೂರು ರಸ್ತೆಯೇ ಗಟ್ಟಿಯಾಯಿತು.

ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಬೆಳಿಗ್ಗೆ ಏಳೂವರೆಗೆ ಸೈಕಲ್ಲುಗಳು ಕಾಣುತ್ತವೆ. ಪೇಪರ್ ಹಾಕಿ ಮುಗಿಸಿ ಕಾಲೇಜಿನ ಹೊತ್ತಾಯಿತೆಂದು ಓಡುವ ಹುಡುಗರು, ಕ್ಯಾರಿಯರ್ ಮೇಲೆ ದೊಡ್ಡ ಫ್ಲಾಸ್ಕು ಕಟ್ಟಿಕೊಂಡ ಕಾಫಿ-ಟೀ ಮಾರುವವರು, ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಮನೆಗೆ ಮರಳುವ ಸೆಕ್ಯುರಿಟಿಯವರು, ಹಾರೆ-ಕರಣೆಯ ಚೀಲ ಹ್ಯಾಂಡಲ್ಲಿಗೆ ನೇತುಹಾಕಿಕೊಂಡ ಗಾರೆ ಕೆಲಸದವರು. ಎಂಟೂವರೆ ಆಗುವುದರೊಳಗೆ ಇವರೆಲ್ಲ ಕರಗಿಹೋಗಿರುತ್ತಾರೆ. ಕಾರಿನವರು ರಸ್ತೆಗಿಳಿಯುವುದು ಆಮೇಲೆ. ಅದಕ್ಕೇ ಅವರಿಗೆ ಈ ಊರಲ್ಲಿ ಸೈಕಲ್ಲು ತುಳಿಯುವವರೇ ಇಲ್ಲ ಎನ್ನಿಸುತ್ತದೆ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದ್ದರು. ಬೇಸಾಯ, ಮನೆಯಲ್ಲೇ ನಡೆಸುವ ಕಸುಬು ಬಿಟ್ಟು ಉಳಿದ ದುಡಿಮೆಗಾರರಲ್ಲಿ ದೇಶದಾದ್ಯಂತ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲು ಎಂದಿದ್ದರು. ಸ್ಕೂಟರ್, ಬೈಕ್ ಎಂದವರ ಪಾಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಮೇಲೆ ಬೈಕುಗಳು ಎಷ್ಟು ಹೆಚ್ಚಿದವು ಎಂಬುದಕ್ಕೆ ಯಾವ ಗಣತಿಯೂ ಬೇಡ, ಸಿಗ್ನಲ್ಲಿನಲ್ಲಿ ನಿಂತರೆ ಸಾಕು.

ಸೋಪ್ ಫ್ಯಾಕ್ಟರಿ ಹತ್ತಿರ ಬರುತ್ತಿದ್ದಂತೆ ಗಾಳಿಯ ವಾಸನೆಯೇ ಬೇರೆ. ಮೈಸೂರು ಸ್ಯಾಂಡಲ್ ಸೋಪು ತಯಾರಾಗುವ ಸರ್ಕಾರಿ ಕಾರ್ಖಾನೆ ಅಲ್ಲೇ ಇದೆ. ಗಂಧದ ಪರಿಮಳ ಕೆಲವು ದಿನ ರಸ್ತೆಯವರೆಗೂ ಬರುತ್ತದೆ. ಕಾರಿನ ಗಾಜು ಏರಿಸಿಕೊಂಡವರಿಗೆ ಇದು ದಕ್ಕುವುದಿಲ್ಲ, ಹೆಲ್ಮೆಟ್ಟಿನ ಮುಖಗವಸು ಎಳೆದುಕೊಂಡವರಿಗೂ ಇಲ್ಲ. ನಾನೂ ಅದನ್ನು ಬಹಳ ಹೊತ್ತು ಅನುಭವಿಸಲಾಗುವುದಿಲ್ಲ, ಯಾಕೆಂದರೆ ಯಶವಂತಪುರದ ಸರ್ಕಲ್ಲಿನಲ್ಲಿ ಎದುರಾಗುವುದು ಬಸ್ಸಿನ ಹೊಗೆ. ಬಿ.ಎಂ.ಟಿ.ಸಿ. ಬಸ್ಸಿಗೂ ಸೈಕಲ್ಲಿಗೂ ಒಂದು ವಿಚಿತ್ರ ನಂಟಿದೆ. ಬಸ್ಸು ನಮ್ಮನ್ನು ದಾಟಿ ಮುಂದೆ ಹೋಗಿ ಎಡಕ್ಕೆ ಎಳೆದು ಸ್ಟಾಪಿನಲ್ಲಿ ನಿಲ್ಲುತ್ತದೆ. ನಾವು ಬಲಕ್ಕೆ ಸರಿದು ಬಸ್ಸನ್ನು ದಾಟುತ್ತೇವೆ. ಮುಂದಿನ ಸ್ಟಾಪಿನ ಹೊತ್ತಿಗೆ ಅದು ಮತ್ತೆ ನಮ್ಮನ್ನು ದಾಟಿ ಎಡಕ್ಕೆ ಎಳೆಯುತ್ತದೆ. ನಾಲ್ಕೈದು ಸಲ ಹೀಗಾಗುವಷ್ಟರಲ್ಲಿ ಡ್ರೈವರ್ ಮುಖಪರಿಚಯದವನಾಗಿರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಮ್ಮಿಬ್ಬರಿಗೂ ಒಂದೇ ಅಂಚನ್ನು ಕೊಟ್ಟಿದ್ದಾರೆ.

ಎ.ಪಿ.ಎಂ.ಸಿ. ಯಾರ್ಡಿನ ಮುಂದೆ ಈರುಳ್ಳಿ ಸಿಪ್ಪೆ ಗಾಳಿಗೆ ಹಾರಾಡುತ್ತಿರುತ್ತದೆ. ಅದರಿಂದ ಅಪಾಯವಿಲ್ಲ. ಚೀಲ ಹರಿದು ಬಿದ್ದ ಈರುಳ್ಳಿ, ಆಲೂಗಡ್ಡೆ ಗಾಲಿಗೆ ಸಿಕ್ಕಿ ಜಜ್ಜಿ ನೆಲಕ್ಕಂಟಿದ ಲೋಳೆ ಇದೆಯಲ್ಲ, ಅದು ಅಪಾಯ. ಒಂದು ತುಂತುರು ಬಿದ್ದರೆ ಮುಂದಿನ ಚಕ್ರ ಕೈಗೆ ಹೇಳದೆ ಕೇಳದೆ ಪಕ್ಕಕ್ಕೆ ಹೊರಟುಬಿಡುತ್ತದೆ. ಅಂಥಲ್ಲಿ ಬ್ರೇಕು ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ಪೆಡಲ್ ನಿಲ್ಲಿಸಿ ನೆಟ್ಟಗೆ ಹೋಗಿಬಿಡಬೇಕು.

ಇನ್ನು ಗೊರಗುಂಟೆಪಾಳ್ಯ. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಕೂಡುವ ಜಾಗ. ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು ಕಡೆಯ ಬಸ್ಸುಗಳಿಗೆ ಕಾಯುವ ಜನ ಬ್ಯಾಗು-ಮಕ್ಕಳ ಸಮೇತ ರಸ್ತೆಗೇ ಇಳಿದಿರುತ್ತಾರೆ. ಇಲ್ಲಿ ನಾನು ಪಾಲಿಸುವ ನಿಯಮ ಒಂದೇ: ಸಿಗ್ನಲ್ಲಿನಲ್ಲಿ ಲಾರಿಯ ಎಡಪಕ್ಕಕ್ಕೆ ಹೋಗಿ ನಿಲ್ಲುವುದಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಕಾರಣ ಇಷ್ಟು. ಉದ್ದನೆಯ ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರ ಹೋದ ದಾರಿಯಲ್ಲಿ ಹೋಗುವುದಿಲ್ಲ, ಇನ್ನೂ ಒಳಗೆ, ಅಂಚಿಗೆ ಒತ್ತಿಕೊಂಡು ಬರುತ್ತವೆ. ಮುಂದಿನ ಚಕ್ರ ಆರಡಿ ದೂರದಲ್ಲಿ ದಾಟಿಹೋಯಿತಲ್ಲ ಎಂದು ಸಮಾಧಾನವಾಗಿ ನಿಂತವನ ಮೇಲೆ ಹಿಂದಿನದು ಬರುತ್ತದೆ. ಡ್ರೈವರ್ ಬಲಗಡೆ ಎತ್ತರದಲ್ಲಿ ಕೂತಿರುತ್ತಾನೆ. ಎಡಬಾಗಿಲ ಕೆಳಗೆ ಅಂಟಿಕೊಂಡಂತಿರುವ ಸೈಕಲ್ಲು ಅವನಿಗೆ ಕನ್ನಡಿಯಲ್ಲೂ ಕಾಣದು. ಹಿಂದೆ ಲಾರಿಗೆ ಕ್ಲೀನರ್ ಇರುತ್ತಿದ್ದ, ಎಡಬಾಗಿಲನ್ನು ಅಂಗೈಯಿಂದ ದಬದಬ ಬಡಿದು ಎಚ್ಚರಿಸುತ್ತಿದ್ದ. ಈಗ ಬಹಳ ಲಾರಿಗಳಲ್ಲಿ ಡ್ರೈವರ್ ಒಬ್ಬನೇ. ಸೈಕಲ್ಲಿನವನ ಪಾಲಿಗೆ ಆ ಕ್ಲೀನರ್ ಹುಡುಗ ದೊಡ್ಡ ನಷ್ಟ. ಲಾರಿಯ ಹಿಂದೆ, ಡ್ರೈವರ್‌ನ ಕನ್ನಡಿಯಲ್ಲಿ ಅವನ ಮುಖ ನನಗೆ ಕಾಣುವಂತೆ ನಿಲ್ಲುತ್ತೇನೆ. ಅವನ ಮುಖ ನನಗೆ ಕಂಡರೆ ನನ್ನದೂ ಅವನಿಗೆ ಕಾಣುತ್ತದೆ. ಹಿಂದಿನ ಬೈಕಿನವರು ಹಾರ್ನ್ ಹೊಡೆಯುತ್ತಾರೆ, ಮುಂದೆ ಜಾಗವಿದೆಯಲ್ಲ ಹೋಗ್ರೀ ಎನ್ನುತ್ತಾರೆ. ಹೊಡೆಯಲಿ.

ಅಲ್ಲಿಂದ ಮುಂದೆ ನೆತ್ತಿಯ ಮೇಲೆ ಪೀಣ್ಯ ಮೇಲ್ಸೇತುವೆ. ಸೈಕಲ್ಲಿನವನ ದಾರಿ ಅದರ ಕೆಳಗಿನ ಸರ್ವಿಸ್ ರಸ್ತೆ. 2021ರ ಡಿಸೆಂಬರ್ ಕೊನೆಯಲ್ಲಿ ಮೇಲ್ಸೇತುವೆಯ ಒಳಗಿನ ಕೇಬಲ್ಲುಗಳಲ್ಲಿ ದೋಷ ಕಂಡು ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರು-ಬೈಕುಗಳಿಗೆ ಬಿಟ್ಟರು, ಭಾರಿ ವಾಹನಗಳಿಗೆ ಬಿಡುವಾಗ 2024ರ ಜುಲೈ. ಅಲ್ಲಿಯವರೆಗೆ ಉತ್ತರ ಕರ್ನಾಟಕಕ್ಕೆ, ಮುಂಬೈಗೆ ಹೋಗಿಬರುವ ಲಾರಿಗಳೆಲ್ಲ ಕೆಳಗೆ, ನಮ್ಮ ತಲೆಯ ಸಮಕ್ಕೆ. ಪತ್ರಿಕೆಗಳಲ್ಲಿ ಕಾರಿನವರಿಗೆ ಎಷ್ಟು ನಿಮಿಷ ತಡವಾಗುತ್ತಿದೆ ಎಂದು ಬರುತ್ತಿತ್ತು. ಸೈಕಲ್ಲಿನವರ ಕಥೆ ಏನಾಯಿತು ಎಂದು ಯಾರೂ ಬರೆದದ್ದು ನಾನು ಓದಲಿಲ್ಲ. ಸರ್ವಿಸ್ ರಸ್ತೆಯ ಇನ್ನೊಂದು ಕಾಟ ಎದುರಿಗೆ ಬರುವ ಬೈಕುಗಳು. ಯು ಟರ್ನ್ ದೂರವೆಂದು ಎಡ ಅಂಚಿನಲ್ಲೇ ಎದುರು ದಿಕ್ಕಿನಿಂದ ಬರುತ್ತಾರೆ, ಬಂದು ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಈಚೆಗೆ ಬ್ಯಾಟರಿ ಸ್ಕೂಟರುಗಳು ಸೇರಿಕೊಂಡಿವೆ. ಸೈಕಲ್ಲಿನವನು ರಸ್ತೆ ಓದುವುದು ಅರ್ಧ ಕಿವಿಯಿಂದ. ಇವು ಸದ್ದಿಲ್ಲದೆ ಮೊಣಕೈ ಪಕ್ಕದಲ್ಲಿ ಪ್ರತ್ಯಕ್ಷವಾಗುತ್ತವೆ.

ಪೀಣ್ಯದೊಳಗೆ ಹೊಕ್ಕರೆ ವೇಗ ಇಳಿಯುತ್ತದೆ, ಪಂಕ್ಚರ್ ಏರುತ್ತದೆ. ಸಾವಿರಾರು ಸಣ್ಣ ಕಾರ್ಖಾನೆಗಳ ಊರು ಇದು, ಲೇತ್ ಇಲ್ಲದ ಬೀದಿಯಿಲ್ಲ. ಲೇತ್‌ನಿಂದ ಸುರುಳಿ ಸುರುಳಿಯಾಗಿ ಬೀಳುವ ಉಕ್ಕಿನ ಚೂರನ್ನು ಸ್ಕ್ರ್ಯಾಪ್ ಟೆಂಪೋಗಳು ಹೊತ್ತೊಯ್ಯುತ್ತವೆ. ಪ್ರತಿ ಹಂಪಿನಲ್ಲೂ ಒಂದಿಷ್ಟು ಉದುರುತ್ತದೆ. ಗಾಜು ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಎಲ್ಲಿ ಎಂದು ತಿಳಿಯುತ್ತದೆ. ಈ ಚೂರು ಹಾಗಲ್ಲ. ಕೂದಲೆಳೆಯಷ್ಟು ತೆಳ್ಳಗೆ ಟಯರಿನೊಳಗೆ ಇಳಿದು ಕೂತು, ಎರಡು ದಿನ ಬಿಟ್ಟು ಟ್ಯೂಬನ್ನು ಮುಟ್ಟುತ್ತದೆ.

ನಮ್ಮ ಕಾರ್ಖಾನೆಯ ತಿರುವಿನಲ್ಲಿ ಪಂಕ್ಚರ್ ಹಾಕುವ ವಯಸ್ಸಾದ ಯಜಮಾನರೊಬ್ಬರಿದ್ದಾರೆ. ಅವರ ಕೆಲಸ ನೋಡಲು ನಾನು ಅವಸರವಿದ್ದರೂ ನಿಲ್ಲುತ್ತೇನೆ. ಟಯರಿನ ಒಂದು ಅಂಚನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತಾರೆ. ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ತುಂಡು ತುಂಡಾಗಿ ಮುಳುಗಿಸುತ್ತಾ ಹೋಗುತ್ತಾರೆ. ಗುಳ್ಳೆ ಎದ್ದಲ್ಲಿ ಬೆಂಕಿಕಡ್ಡಿ ಚುಚ್ಚಿ ಗುರುತು. ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಎರಡು ಸಲ ಊದಿ, ಪ್ಯಾಚ್ ಕೂರಿಸಿ, ಸುತ್ತಿಗೆಯಿಂದ ಮೆತ್ತಗೆ ಬಡಿಯುತ್ತಾರೆ. ಇಷ್ಟನ್ನು ಯಾರಾದರೂ ಮಾಡಿಯಾರು. ಆಮೇಲೆ ಟಯರಿನ ಒಳಮೈಯ ಸುತ್ತ ಹೆಬ್ಬೆರಳನ್ನು ನಿಧಾನವಾಗಿ ಆಡಿಸುತ್ತಾರೆ, ಕಣ್ಣು ಬೇರೆಲ್ಲೋ ನೋಡುತ್ತಿರುತ್ತದೆ. ಬೆರಳು ಒಂದೆಡೆ ನಿಲ್ಲುತ್ತದೆ. ಚಿಮಟದಿಂದ ಎಳೆದು ಅಂಗೈ ಮೇಲಿಟ್ಟು ತೋರಿಸುತ್ತಾರೆ. "ಇದನ್ನ ಬಿಟ್ರೆ ನಾಳೆ ಮತ್ತೆ ನನ್ನತ್ರಾನೇ ಬರ್ತೀರ ಸ್ವಾಮಿ" ಎನ್ನುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಬಿಡುವುದೇ ಲಾಭ. ಅವರು ಬಿಡುವುದಿಲ್ಲ.

ಅಲ್ಲೇ ಪರಿಚಯವಾದವನು ಪಕ್ಕದ ಕಾರ್ಖಾನೆಯ ಟರ್ನರ್, ರಾಯಚೂರು ಜಿಲ್ಲೆಯ ಕಡೆಯವನು. ರಾಡ್ ಬ್ರೇಕಿನ ಕರಿ ಸೈಕಲ್ಲು ಅವನದು. ಎಲ್ಲಿ ಕಲಿತೆಯಪ್ಪಾ ಎಂದು ಕೇಳಿದೆ. "ಎಂಟನೇತ್ತದಾಗ ಸರಕಾರದವ್ರು ಕೊಟ್ಟಿದ್ರಲ್ರಿ ಸರ್, ಅದರ ಮ್ಯಾಲೇ ಕಲ್ತೀನಿ" ಎಂದ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಶುರುಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಿರಲಿ ಎಂಬುದು ಅದರ ದೊಡ್ಡ ಉದ್ದೇಶ. ಕೊರೋನಾ ಕಾಲದಲ್ಲಿ ಅದು ನಿಂತಿತು. "ಊರಾಗ ಎತ್ತು ಅಡ್ಡ ಬಂದ್ರ ಗಂಟಿ ಹೊಡದ್ರ ಸರೀತಿದ್ವು. ಇಲ್ಲಿ ಮನಶ್ಯಾರೂ ಸರಿಯಂಗಿಲ್ರಿ" ಎನ್ನುವುದು ಅವನ ದೂರು. ಅವನಿಗೆ ಮಳೆಗಾಲದ್ದೇ ಚಿಂತೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರ್ ಕಟ್ಟೆ ಹಿಡಿಯುವುದೇ ಇಲ್ಲ. ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮುಂಚೆ ಹಗುರಾಗಿ ಬ್ರೇಕು ಒತ್ತಿ, ರಿಮ್ಮಿನ ನೀರು ಒರೆಸಿಕೊಂಡು, ಆಮೇಲೆ ಬಿಗಿಯಾಗಿ ಹಿಡಿಯಬೇಕು. ಇದನ್ನು ನನಗೆ ಹೇಳಿಕೊಟ್ಟವನು ಅವನೇ.

ಬೆಂಗಳೂರಿಗೆ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರಿನಲ್ಲಿ, ಅದೂ ಸಂಜೆ ಹೊತ್ತು, ಕಾರ್ಖಾನೆ ಬಿಡುವ ವೇಳೆಗೆ ಸರಿಯಾಗಿ. ಒದ್ದೆಯಾಗುವುದಕ್ಕೆ ನಾನು ಹೆದರುವುದಿಲ್ಲ. ರಸ್ತೆ ಕಾಣದಂತೆ ನೀರು ನಿಂತಾಗ ಮಾತ್ರ ಅಂಚು ಬಿಟ್ಟು ನಡುರಸ್ತೆಗೇ ಬರುತ್ತೇನೆ, ಏಕೆಂದರೆ ಬಾಯ್ತೆರೆದ ಗುಂಡಿ, ಮುಚ್ಚಳ ಕಳೆದುಕೊಂಡ ಚರಂಡಿ ಎಲ್ಲ ಇರುವುದು ಅಂಚಿನಲ್ಲೇ. ಹಾರ್ನುಗಳ ಸುರಿಮಳೆ ಆಗುತ್ತದೆ. ಆದರೂ ಬೈಗುಳ ತಿಂದು ಮನೆ ಸೇರಬಹುದು. ಆಷಾಢ ಬೇರೆ ಬಗೆಯ ಕಷ್ಟ. ಪಡುವಣ ಗಾಳಿ ಬೆಳಿಗ್ಗೆ ಎದುರಿಗೇ ಬೀಸುತ್ತದೆ, ಎಷ್ಟು ತುಳಿದರೂ ಜಾಲಹಳ್ಳಿ ಕ್ರಾಸ್ ಬರುವುದೇ ಇಲ್ಲ. ಸಂಜೆ ಅದೇ ಗಾಳಿ ಬೆನ್ನಿಗೆ ಬಂದು ಸಾಲ ತೀರಿಸುತ್ತದೆ.

ವರ್ಷದಲ್ಲಿ ಪೀಣ್ಯದ ರಸ್ತೆಗಳು ಅತಿ ಅಪಾಯಕಾರಿಯಾಗುವ ದಿನ ಯಾವುದು ಎಂದರೆ ಮಳೆಗಾಲದ್ದಲ್ಲ, ಆಯುಧಪೂಜೆಯ ಮರುದಿನ. ಹಬ್ಬದ ದಿನ ಲೇತ್‌ಗಳಿಗೆ ಬಾಳೆಕಂದು, ಮಾವಿನೆಲೆ ಕಟ್ಟುತ್ತಾರೆ, ಗೇಟಿನ ಬಳಿ ನಿಂತ ಸೈಕಲ್ಲುಗಳಿಗೂ ವಿಭೂತಿ ಬಳಿದು ಸೇವಂತಿಗೆ ಸಿಕ್ಕಿಸುತ್ತಾರೆ. ಮಾಲೀಕರ ಕಾರಿಗೂ ಟರ್ನರ್‌ನ ಸೈಕಲ್ಲಿಗೂ ಒಂದೇ ಮಂಗಳಾರತಿ. ಅಲ್ಲಿಯವರೆಗೆ ಎಲ್ಲ ಸೊಗಸು. ಆಮೇಲೆ ಪ್ರತಿ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ, ಅದೂ ರಸ್ತೆಯ ನಟ್ಟನಡುವೆ. ದೃಷ್ಟಿ ಹೋಗುತ್ತದೋ ಇಲ್ಲವೋ, ಹಿಂದೆ ಬರುವವನ ಹಲ್ಲು ಹೋಗುತ್ತದೆ. ಕುಂಕುಮ ಕಲಸಿದ ಆ ತಿರುಳು ಗಾಲಿಗೆ ಸಿಕ್ಕಿ ರಸ್ತೆಯುದ್ದಕ್ಕೂ ಮೆತ್ತಿಕೊಂಡರೆ ನಡೆದುಹೋಗುವವನೂ ಜಾರುತ್ತಾನೆ. ರಸ್ತೆಯಲ್ಲಿ ಒಡೆಯಬೇಡಿ ಎಂದು ಪೊಲೀಸರು, ಪಾಲಿಕೆಯವರು ವರ್ಷವರ್ಷವೂ ಕೇಳಿಕೊಳ್ಳುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಈಗ ಗೇಟಿನ ಒಳಗೇ ಗೋಣಿಚೀಲ ಹಾಸಿ ಒಡೆಯುತ್ತಾರೆ. ದೇವರು ಆಕ್ಷೇಪಣೆ ಮಾಡಿದ ಹಾಗಿಲ್ಲ.

ಸೈಕಲ್ಲಿಗೆಂದು ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾದೀತು. ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಕಾರು ನಿಲ್ಲಿಸುವವರಿಗೆ ಅನುಕೂಲವಾಯಿತು. 2020ರಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರಂ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ಲಿಗೆ ಬೇರೆಯೇ ಓಣಿ ಕಟ್ಟಿದರು. ಬೈಕಿನವರು ನುಗ್ಗಿದರು, ಗೂಟ ಮುರಿದವು, ಮೆಟ್ರೊ ಕಾಮಗಾರಿ ಬಂತು, ಓಣಿ ಹೋಯಿತು. ಸೈಕಲ್ಲು, ಕಾಲ್ನಡಿಗೆಯವರ ಹಕ್ಕಿಗೆಂದು 2021ರಲ್ಲಿ ಒಂದು ಮಸೂದೆಯ ಕರಡೂ ಸಿದ್ಧವಾಗಿತ್ತು. ನನಗೆ ಒಂದು ಸಂಶಯ ಇದ್ದೇ ಇದೆ: ಈ ಯೋಜನೆಗಳೆಲ್ಲ ಕಾರು ಬಿಟ್ಟು ಸೈಕಲ್ಲು ಹತ್ತಬಹುದಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟುತ್ತವೆ. ಈಗಾಗಲೇ ತುಳಿಯುತ್ತಿರುವವನು ಅವುಗಳಲ್ಲಿ ಇಲ್ಲ. ತುಮಕೂರು ರಸ್ತೆಯಲ್ಲಿ ಫ್ಲಾಸ್ಕು ಕಟ್ಟಿಕೊಂಡು ಹೋಗುವವನಿಗೆ ಓಣಿ, ಗೂಟ, ಹಸಿರು ಬಣ್ಣ ಬೇಡ. ಎಡ ಅಂಚನ್ನು ಗುಡಿಸಿ, ಜಾಲರಿಯ ಸರಳುಗಳನ್ನು ಚಕ್ರ ಸಿಕ್ಕಿಕೊಳ್ಳದಂತೆ ಅಡ್ಡಕ್ಕೆ ಕೂರಿಸಿ, ಅಗೆದ ಗುಂಡಿಯನ್ನು ಮಟ್ಟವಾಗಿ ಮುಚ್ಚಿದರೆ ಸಾಕು. ಅದಕ್ಕೆ ಉದ್ಘಾಟನೆ ಮಾಡಲು ಬರುವುದಿಲ್ಲ, ಬಹುಶಃ ಅದೇ ತೊಡಕು.

ಸಂಜೆಯ ಹಿಂದಿರುಗುವ ದಾರಿಯಲ್ಲಿ ಕತ್ತಲೆಗಿಂತ ಎದುರಿನ ದೀಪಗಳದ್ದೇ ಕಾಟ. ಕಣ್ಣು ಕುಕ್ಕುವ ಹೈ ಬೀಮ್ ಮುಂದೆ ನನ್ನ ಸಣ್ಣ ದೀಪ ಲೆಕ್ಕಕ್ಕಿಲ್ಲ. ಹಿಂದಿನ ಕೆಂಪು ದೀಪ ಮಾತ್ರ ತಪ್ಪಿಸುವುದಿಲ್ಲ. ರಾಜಾಜಿನಗರ ಹತ್ತಿರವಾದಂತೆ ಅಂಗಡಿಗಳ ಮುಂದೆ ಕಾರುಗಳ ಸಾಲು. ನಾನು ಬಿದ್ದದ್ದೂ ಅಲ್ಲೇ. ಅಂದು ನಿಂತಿದ್ದ ಕಾರಿನ ಬಲಬಾಗಿಲು ನನ್ನ ಹ್ಯಾಂಡಲ್ಲಿಗೆ ಮೊಳ ದೂರದಲ್ಲಿ ಪೂರ್ತಿ ತೆರೆದುಕೊಂಡಿತು. ಬಾಗಿಲಿನ ಅಂಚಿಗೆ ಎಡಗೈ ಬೆರಳುಗಳು ತಗುಲಿದ್ದು ಗೊತ್ತು, ಆಮೇಲೆ ನಾನು ರಸ್ತೆಯ ಮೇಲಿದ್ದೆ, ಊಟದ ಡಬ್ಬಿ ಮುಚ್ಚಳ ಬಿಟ್ಟು ಉರುಳುತ್ತಿತ್ತು. ಹಿಂದೆ ಬರುತ್ತಿದ್ದ ಆಟೋದವನು ಗಕ್ಕನೆ ಬ್ರೇಕು ಹಾಕಿ ಗಾಡಿಯನ್ನು ನನಗೆ ಅಡ್ಡಲಾಗಿ ನಿಲ್ಲಿಸಿದ. ನಾನು ಈಗ ಇದನ್ನು ಬರೆಯುತ್ತಿರುವುದು ಅವನ ಬ್ರೇಕು ಚೆನ್ನಾಗಿತ್ತು ಎಂಬ ಕಾರಣಕ್ಕೆ. ಹೂ ಮಾರುವ ಅಮ್ಮ ಓಡಿಬಂದು "ಏಳಪ್ಪಾ, ಏಳು, ಮೊದ್ಲು ನೀರ್ ಕುಡಿ" ಎಂದರು. ಕಾರಿನಿಂದ ಇಳಿದವರು ನನ್ನನ್ನು ನೋಡುವ ಮೊದಲು ಬಾಗಿಲನ್ನು ನೋಡಿದರು. "ಸೈಡಲ್ಲಿ ನೋಡ್ಕೊಂಡು ಬರಕ್ಕಾಗಲ್ವೇನ್ರೀ?" ಎಂದರು. ಆಟೋದವನು ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎರಡು ಬೆರಳಿಗೆ ಪಟ್ಟಿ ಬಿತ್ತು, ಹ್ಯಾಂಡಲ್ ಸೊಟ್ಟಗಾಗಿತ್ತು.

ಅಂದಿನಿಂದ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು ತುಳಿಯುತ್ತೇನೆ. ಹಾಗೆ ಮಾಡಿದರೆ ಎಡ ಅಂಚಿನಿಂದ ರಸ್ತೆಯೊಳಗೆ ಬರಬೇಕಾಗುತ್ತದೆ, ಹಿಂದಿನವರಿಗೆ ಕೋಪ ಬರುತ್ತದೆ. ನಾನು ದಾರಿ ಬಿಡುತ್ತಿಲ್ಲ ಎಂದು ಅವರು ಅಂದುಕೊಳ್ಳುತ್ತಾರೆ. ನಾನು ಬಾಗಿಲಿಗೆ ಜಾಗ ಬಿಟ್ಟಿದ್ದೇನೆ ಅಷ್ಟೇ.

ಇದನ್ನು ಓದುವವರಲ್ಲಿ ಕಾರು ಇರುವವರು ಅನೇಕರಿರಬಹುದು. ನಿಮ್ಮಲ್ಲಿ ಒಂದೇ ಕೋರಿಕೆ. ಕಾರು ನಿಲ್ಲಿಸಿ ಇಳಿಯುವಾಗ ಬಲಬಾಗಿಲನ್ನು ಬಲಗೈಯಿಂದ ತೆಗೆಯಬೇಡಿ, ಎಡಗೈಯಿಂದ ತೆಗೆಯಿರಿ. ಎಡಗೈ ಅಲ್ಲಿಗೆ ಎಟುಕಬೇಕಾದರೆ ಮೈ ಬಲಕ್ಕೆ ತಿರುಗಲೇಬೇಕು, ಮೈ ತಿರುಗಿದರೆ ಕಣ್ಣು ತಾನಾಗಿ ಹಿಂದಿನ ರಸ್ತೆಯನ್ನು ನೋಡುತ್ತದೆ. ನೆದರ್ಲೆಂಡ್ಸಿನಲ್ಲಿ ಚಾಲನೆ ಕಲಿಸುವಾಗಲೇ ಹೀಗೆ ದೂರದ ಕೈ ಬಳಸುವುದನ್ನು ರೂಢಿ ಮಾಡಿಸುತ್ತಾರೆ. ಇದಕ್ಕೆ ಮಸೂದೆ ಬೇಡ, ಗೂಟ ಬೇಡ, ಪಾಲಿಕೆಯ ಅಪ್ಪಣೆಯೂ ಬೇಡ. ಇವತ್ತು ಸಂಜೆ ಮನೆ ಮುಂದೆ ಇಳಿಯುವಾಗಲೇ ಶುರುಮಾಡಿ, ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳಿಗೂ ಹೇಳಿಕೊಡಿ.